ಎಡಗಿವಿ ಕೇಳತಿರಲಿಲ್ಲ

ಮೊದಲ ಹೇಳಿಬಿಡತೇನಿ, ಎಡಗಿವಿ ಕೇಳತಿರಲಿಲ್ಲ.
ಮೂವತ್ತೊಂದು ವರ್ಷ ಗದಗ ರೋಡಿನ ವರ್ಕಶಾಪಿನಾಗ
ರಿವೆಟ್ ಬಡದು ಬಡದು ಬಿದ್ದಹೋದ ಕಿವಿ.
ನೀವು ಹುಡುಗೋರು ಏನರ ಕೇಳೂದಿದ್ದರ
ಬಲಕ್ಕ ಬಂದು ಕೇಳ್ರಿ.
ನಾ ಬೈಯೂದಿದ್ದಾಗ ಎಡಕ್ಕ ನಿಂತು ಬೈತಿದ್ದೆ.
ಅವರು ನಗತಿದ್ರು. ತಿಳೀತಿತ್ತೋ ಏನೋ.

ಬಲತೊಡಿಯೊಳಗ, ಮೊಳಕಾಲಿನ ಮ್ಯಾಲ ನಾಕ ಬಟ್ಟ,
ಒಂದು ಕಬ್ಬಿಣದ ಚೂರು ಸಿಗತೈತಿ.
ಹೆದರಬ್ಯಾಡ್ರಿ, ರೋಗ ಅಲ್ಲ.
ಲೇಥಿನಿಂದ ಹಾರಿ ಬಂದು ಕುಂತಿದ್ದು, ತಗಸಲಿಲ್ಲ.
"ರೈಲ್ವೆ ಮಾಲು, ರಿಟೈರಾದ ದಿನ ವಾಪಸ್ ಕೊಡತೇನಿ" ಅಂತಿದ್ರು.
ಕೊಡಲಿಲ್ಲ.

ಫಾರ್ಮ್ ತಂದಿದ್ದು ಒಂದು ಮಂಗಳವಾರ.
ಗ್ಯಾಸಿನ ಬುಕ್ಕಿಗೆ ಕೇಳಿದಂಗ
"ಇಲ್ಲೊಂದು ಸಾಕ್ಷಿ ಸಹಿ ಮಾಡು" ಅಂದ್ರು.
ಮೂರು ದಿನ ನಾ ಮಾತಾಡಲಿಲ್ಲ.
ನಾಕನೇ ದಿನ ರೊಟ್ಟಿ ಬಡಿಯೂವಾಗ ಬಾಜೂಕ ಕುಂತು
"ಅಪ್ರೆಂಟಿಸ್ ಹುಡುಗೋರಿಗೆ ಹಳೇ ಡಬ್ಬಿ ಕೊಡತಿದ್ವಿ, ಕಾಶವ್ವಾ,
ಓಡೂ ಗಾಡಿ ಬಿಚ್ಚಾಕ ಯಾರ ಬಿಡತಾರ?
ಹೊಳ್ಳಿ ಜೋಡಸಾಕ ಬರದಿದ್ರೂ ನಡೀತಿತ್ತು,
ಕೈಗೆ ಗುರ್ತು ಸಿಕ್ಕರ ಸಾಕು."
ಆ ರೊಟ್ಟಿ ಹೊತ್ತಿತು.

ಹೋದ ದಿನ ಓಣಿಗೆ ಓಣೀನ ಬಂತು.
ಬಸಟೆಪ್ಪ ಸಲಕಿ ಹಿಡಕೊಂಡು ನಿಂತಿದ್ದ,
"ಕುಣಿ ಎಲ್ಲಿ ತಗಿಯೂಣು, ಯಕ್ಕಾ?"
ದವಾಖಾನಿ ಗಾಡಿಯಾಂವ ಗಡಿಯಾರ ನೋಡತಿದ್ದ.
ಅಯ್ಯನವರು ಕೊರಳಾನ ಲಿಂಗ ಬಿಚ್ಚಿ
ಎಲ್ಲಿಡಬೇಕು ತಿಳೀದ
ನನ್ನ ಅಂಗೈಯಾಗ ಇಟ್ರು. ಇನ್ನೂ ಬೆಚ್ಚಗಿತ್ತು.
ಅದೂ ಅವರೂ ಕೂಡೇ ಮಣ್ಣಾಗ ಕುಂದರಬೇಕಿತ್ತು.
ಈಗ ಜಗಲಿ ಮ್ಯಾಲ ಐತಿ, ದಿನಾ ನೀರು ಹಾಕತೇನಿ.
ತಪ್ಪೋ ಒಪ್ಪೋ, ಯಾರನೂ ಕೇಳಾಕ ಹೋಗಿಲ್ಲ.
ಬಸಟೆಪ್ಪಗ ರೊಕ್ಕ ಕೊಡಾಕ ಹೋದೆ, ಒಲ್ಲೆ ಅಂದ.
ಸಲಕಿ ನಮ್ಮ ಕಟ್ಟಿಗೆ ಆನಿಸಿ ಮರತು ಹೋಗ್ಯಾನ.

ವರ್ಕಶಾಪಿನಾಗ ಅವರಿಗೊಂದು ಟೋಕನ್ ಇತ್ತು, ಹಿತ್ತಾಳಿದು,
ಎರಡು ಸಾವಿರದ ಎರಡನೂರಾ ಹದಿನೇಳು.
ಬೆಳಗಿನ ಭೋಂಗಾ ಹೊಡಿಯೂದ್ರಾಗ ಮೊಳಿಯಿಂದ ತಗೀಬೇಕು,
ತಗೀಲಿಲ್ಲಂದ್ರ ಆ ದಿನ ಮನಿಶ್ಯಾನ ಇಲ್ಲ ಅಂತ ಲೆಕ್ಕ.
ನಿಮ್ಮಲ್ಲಿ ಕಾಲಬಟ್ಟಿಗೆ ಒಂದು ಚೀಟಿ ಕಟ್ಟಿದ್ರು.
ಎಷ್ಟನೇ ನಂಬರ ಕೇಳಬೇಕಂತ ಮಾಡಿದ್ದೆ,
ಗದ್ದಲದಾಗ ಬಿಟ್ಟಹೋತು.
ಹೆಸರು ನಿಮಗ ಹೇಳಂಗಿಲ್ಲಂತ.
ನಾನೂ ಹೇಳೂದಿಲ್ಲ, ಜೀವ ಇದ್ದಾಗೂ
ನಾ ಹೆಸರು ಹಿಡದು ಕರದಾಕಿ ಅಲ್ಲ.

ಇನ್ನೊಂದು.
ಅಂಗಾಲು ಮುಟ್ಟೂವಾಗ ಸಾವಕಾಶ,
ಅವರಿಗೆ ಕಚಗುಳಿ ಭಾಳ

ಇತ್ತು.

ಧಾರವಾಡಕ್ಕ ತಂಗಿ ಮನಿಗೆ ಹೊಂಟಾಗ
ಚಿಗರಿ ಬಸ್ಸಿನಾಗ ಒಂದು ಧ್ವನಿ ಹೇಳತೈತಿ:
ಮುಂದಿನ ನಿಲ್ದಾಣ, ಕಿಮ್ಸ್.
ನಾ ಅಲ್ಲಿ ಇಳಿಯಾಕಿ ಅಲ್ಲ.
ಆದರೂ ಚೀಲ ಎತ್ತಿ ಕೈಯಾಗ ಹಿಡಕೋತೇನಿ,
ಬಾಗಲಾ ತಗದು
ಮುಚ್ಚೂತನಕ.