ನಿಷ್ಕಾಳಜಿ

ಮೂರನೇ ಸಲ ಹೋದಾಗ ಸಿಕ್ಕಿತು ನಕಲು,
ಹುಮನಾಬಾದ್ ಠಾಣೆ, ಝೆರಾಕ್ಸ್ ಖರ್ಚು ನನ್ನದೇ.
ತಮ್ಮನ ಹೆಸರು ಝರೆಪ್ಪ; ಇದರಲ್ಲಿ ಜರಪ್ಪ.
ಹೋಗಲಿ.

'ಸದರಿ ಚಾಲಕನು ತನ್ನ ಓಮ್ನಿಯನ್ನು
ಅತಿವೇಗ ಮತ್ತು ನಿಷ್ಕಾಳಜಿತನದಿಂದ ಚಲಾಯಿಸಿ...'

ಹಿಂದಿನಿಂದ ಗುದ್ದಿದ ಲಾರಿಗೆ ಊರಿಲ್ಲ, ನಂಬರಿಲ್ಲ.
ಸೊಲ್ಲಾಪುರದ ಕಡೆ ಹೋಯಿತಂತೆ.

ಸಾಹೇಬ್ರ, ಗಾಡಿ ತುಂಬ ತತ್ತಿ ಇದ್ವು,
ತತ್ತಿ ಹೇರಿದಾಂವ ಹಂಪ್ ಕಂಡ್ರ
ಬಸುರಿ ಕೂತಾಳನ್ನೂಹಂಗ ಇಳಸ್ತಾನ,
ಇದನ್ನೂ ಬರೀರಿ, ಅಂದೆ.
ಮಶಾಕ್ ಜಮಾದಾರ ಪೆನ್ನಿಗೆ ಟೊಪ್ಪಿ ಹಾಕಿದ:
'ತತ್ತಿ ಸಾಕ್ಷಿ ಹೇಳ್ತಾವೇನಕ್ಕಾ?'

ಅಂಗಳದಲ್ಲಿ ಓಮ್ನಿ, ಹಿಂಬಾಗಿಲು ಒಳಗೆ ಮಡಚಿ.
ವಾಸನೆ. ನೊಣ.
ಮುಂದಿನ ಸೀಟಿನ ಕೆಳಗೊಂದು ಟ್ರೇ,
ಮೂವತ್ತಕ್ಕೆ ಮೂವತ್ತೂ ಇಡಿಯಾಗಿ.
ಪಂಚನಾಮೆಯಲ್ಲಿ ಅದಿಲ್ಲ.
ಇಬ್ಬರು ಪಂಚರ ಸಹಿ ಇದೆ, ಚಹಾದ ಕಲೆ ಇದೆ.

ಬೀದರ್ ದವಾಖಾನೆಯಲ್ಲಿ ಕಾಲು ತೂಗುಹಾಕಿಕೊಂಡವನಿಗೆ
ಓದಿ ಹೇಳಿದೆ, ನಿಂತು ನಿಂತು.
ನಿಷ್ಕಾಳಜಿ ಅಂದ್ರೇನಕ್ಕಾ?
ಕಾಳಜಿ ಇಲ್ದಿರೂದು, ಅಂದೆ.
ಗೋಡೆ ಕಡೆ ಹೊರಳಲು ನೋಡಿದ, ಆಗಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು,
ತತ್ತಿ ಎಷ್ಟು ಉಳದಾವ? ಅಂದ.