ಎಂಟು ನಿಮಿಷ ಹಿಂದ

ಸೋಮವಾರ. ಹನ್ನೊಂದು ಹೊಡೆದು ಹತ್ತು ನಿಮಿಷ.
ಬ್ಯಾಡಗಿ ಪ್ಯಾಟ್ಯಾಗ ಚೀಲ ಬಿಚ್ಚ್ಯಾವ,
ಕೆಂಪ ಘಾಟು ಮೂಗಿಗೇರಿ
ಸರ್ವರ್ ಕೋಣಿಯ ಫ್ಯಾನು ಸೀನೂದೊಂದ ಬಾಕಿ.
ಟೆಂಡರ್ ಪರದೆ ಮಾತ್ರ
ಎಲ್ಲಾ ಖರೀದಿದಾರರಿಗೂ ಒಂದ ಮಾತು ಹೇಳತೈತಿ:
ಒಲ್ಲೆ.

"ಪಾಸ್‌ವರ್ಡ್ ಮರತಿಲ್ಲವಾ ನಾ,
ಮಗಳ ಹೆಸರು, ಮುಂದ ಆಕಿ ಹುಟ್ಟಿದ ವರ್ಷ!"
ಗುರುಸಿದ್ದಪ್ಪ ಅರಳಿಕಟ್ಟಿ ಕಟ್ಟಿ ಮ್ಯಾಲ ನಿಂತು ಒದರ್‍ಯಾರ.
ಹಮಾಲರೂ ಕೇಳಿದರು.

ಅವರಿಗೆ ಹ್ಯಾಂಗ ಹೇಳಲಿ?
ಈ ಸರ್ವರಿಗೆ ಯಾರ ಗುರುತೂ ಇಲ್ಲರೀ.
ಗುರುತಿದ್ದದ್ದು ಹಿಂದಿನ ಕೋಣ್ಯಾಗ, ಡೈರೆಕ್ಟರಿ ಅಂತ.
ಅದು ನಮ್ಮ ಮಂದಿ ಕೇಳಿಧಾಂಗ ಕೇಳತೈತಿ:
ಹೆಸರೇನು, ಯಾರ ಪೈಕಿ, ಯಾವೂರು.
ಬೇರು ಮ್ಯಾಲಾದ ಗಿಡ ಅದು;
ಕೆಳಗ, ತುದಿಯ ಎಲಿ ಮ್ಯಾಲ ನೀವು.
ನಿಮ್ಮ ಗುಟ್ಟು ತಂತಿ ಮ್ಯಾಲ ಹಾಯೂದಿಲ್ಲ.
ಕೀಲಿ ತಗದು ತೋರಿಸಿದರ ಸಾಕು,
ಕೀಲಿಕೈ ತೋರಿಸಬೇಕಿಲ್ಲ.
ಆಮ್ಯಾಲ ಕೈಗೊಂದು ಚೀಟಿ.
ಹತ್ತು ತಾಸಿನ ಆಯುಷ್ಯ ಅದಕ್ಕ.

ನಮ್ಮವ್ವ ಫಕ್ಕೀರವ್ವ
ಇದ ಪ್ಯಾಟ್ಯಾಗ ಮೆಣಸಿನಕಾಯಿ ತುಂಬು ಬಿಡಸತಿದ್ದಳು.
ಬುಟ್ಟಿಗೊಂದು ಹಿತ್ತಾಳಿ ಬಿಲ್ಲೆ ಕೊಡತಿದ್ದ ಮುಕಾದಮ.
ಸಂಜಿಕೆ ರೊಕ್ಕ ಎಣಸಾಂವ ಮಾರಿ ನೋಡತಿದ್ದಿಲ್ಲ,
ಬಿಲ್ಲೆ ನೋಡಾಂವ.
ಒಂದಿನ ನಾನು ಘಾಟಿನ ಕೈಲೆ ಕಣ್ಣು ತಿಕ್ಕೊಂಡೆ.
ಅವ್ವ ನಳದ ಕೆಳಗ ನನ್ನ ತಲಿ ಹಿಡದು
ನೀರು, ನೀರು, ಮತ್ತ ನೀರು.
ಹೋಗೂದ್ರಾಗ ಕಿಡಕಿ ಮುಚ್ಚಿತ್ತು.
ಇವತ್ತಿನ ಬಿಲ್ಲೆ ನಾಳೆ ನಡಿಯೂದಿಲ್ಲ.
ಮೂರು ಬುಟ್ಟಿ ಹೋತು.

ಲಾಗ್ ಕಡತ ತಗದೆ.
ಹೆಸರು ಖರೆ. ಗುಟ್ಟು ಖರೆ. ಚೀಟಿ ಖರೆ.
ಹೊತ್ತು ಸುಳ್ಳು.
ರಾತ್ರಿ ಕರೆಂಟ್ ಹೋಗಿ ಬಂದಾಗಿಂದ
ಟೆಂಡರ್ ಸರ್ವರಿನ ಗಡಿಯಾರ ಎಂಟು ನಿಮಿಷ ಹಿಂದ.
ಐದರತನ ತಡಕೋತೈತಿ, ಆಚೆಗಿಲ್ಲ.
ಪಾಪ, ಅದರ ಲೆಕ್ಕದಾಗ
ಇವರೆಲ್ಲಾ ಇನ್ನೂ ಆಗದ ಹೊತ್ತಿನಿಂದ ಬಂದ ಮಂದಿ.
ನಾಳಿನವರನ್ನ ಯಾರು ನಂಬ್ಯಾರು?

ಆರಿಸಿ, ಮುಚ್ಚಳ ಬಿಚ್ಚಿ ನೋಡಿದರ
ಒಳಗ ಗುಂಡನ ಬ್ಯಾಟರಿ, ಸತ್ತದ್ದು.
ಸ್ಕ್ರೂಡ್ರೈವರ್ ಹಾವೇರಿಯಾಗ ಬಿಟ್ಟು ಬಂದಿದ್ದೆ.
ಕೀಲಿಕೈ ಗೊಂಚಲದಾಗ ಅವ್ವನ ಬಿಲ್ಲೆ ಇತ್ತು, ಎರಡುನೂರಾ ಹನ್ನೆರಡು.
ಅದರ ಅಂಚಿನಿಂದ ಎಬ್ಬಿಸಿದೆ.
ಜಾಫರಸಾಬ ತಮ್ಮ ಮನಿಯ ತೂಕದ ಯಂತ್ರದಿಂದ
ಹೊಸಾದೊಂದು ಕಿತ್ತು ತಂದರು.

ಹನ್ನೊಂದು ನಲವತ್ತು.
ಒಬ್ಬೊಬ್ಬರಾಗಿ ಒಳಗ ಹೊಂಟರು.
ಪರದೆ ಮ್ಯಾಲ ದರ ಏರಾಕ ಹತ್ತಿತು,
ಯಾರಿಗೂ ಎಂಟು ನಿಮಿಷದ ನೆನಪಿಲ್ಲ.

ಗುರುಸಿದ್ದಪ್ಪನವರ ಕಿವಿಯಾಗ ಅಂದೆ:
ಸಂಜಿಯೊಳಗ ಬದಲ ಮಾಡಿಬಿಡ್ರಿ.
"ಏನವಾ, ಮಗಳ ಹೆಸರೇನು?"
ಅಲ್ಲರೀ, ಅದನ್ನ ಬಿಟ್ಟು ಇನ್ನೊಂದು ಹುಡುಕ್ರಿ.
ಆಕಿ ಹೆಸರು
ಈಗ ಇಡೀ ಪ್ಯಾಟಿಗೇ ಗೊತ್ತಾಗೇತಿ.