ಇಪ್ಪತ್ತೊಂದನೇ ನಂಬರಿನ ಮೊಣಕೈ

ದುರ್ಗದಬೈಲಿನ ಹಿಂದಿನ ಓಣ್ಯಾಗ
ಒಂದು ಸ್ಟೂಲು, ಒಂದು ಬಲ್ಬು, ನಾನು.
ಬೋರ್ಡಿನ ಮ್ಯಾಲೆ ‘ರಫೂ’ ಅಂತ ಎರಡಽ ಅಕ್ಷರ.
ಮುಂದಿನೆರಡಕ್ಕ ಪೇಂಟರ್ ಮತ್ತ ರೊಕ್ಕ ಕೇಳಿದ,
ಸಾಕು ಬಿಡೋ, ತಿಳಿಯಾವರಿಗೆ ತಿಳೀತದ ಅಂದೆ.

ಸ್ಯಾಮುವೆಲ್ ಬಂದ, ರೇಲ್ವೆ ಚಾಳಿನ ಹೊಸಮನ್ಯಾರ ಹುಡುಗ,
ಬಿ ಡಿವಿಜನ್ನಿನ ಗೋಲಿ.
ಗಂಟುಬಟ್ಟಿ ಹಾಸಿಕೊಂಡು ಕುಂತವನ ಕಡೆ
ಅರವತ್ತು ರೂಪಾಯಿಗೆ ತಂದ ಜರ್ಸಿ ಕೊಟ್ಟ.
“ಮಹಬೂಬಿ ಚಾಚಿ, ರವಿವಾರ ಮ್ಯಾಚ್ ಐತಿ,
ಮೊಣಕೈ ನೋಡ್ರಿ.”

ನೋಡಿದೆ.
ಹಸರು ಬಣ್ಣ, ಬೆನ್ನಿಗೆ ಇಪ್ಪತ್ತೊಂದು,
ಎದಿ ಮ್ಯಾಲೆ ಗುಬ್ಬಿ ಕಾಲಾಡಿಸಿಧಂಗ ಅಕ್ಷರ.
ಮೊಣಕೈ ಹರಿದಿತ್ತು ಖರೆ,
ಆದರ ಹರಕಿನ ಮಗ್ಗಲಕ್ಕ
ಯಾರೋ ಮೊದಲಽ ರಫೂ ಮಾಡಿದ್ರು.

ಮಷಿನ್ನಿನದಲ್ಲ, ಕೈಯಿಂದು.
ಅಡ್ಡ ಎಳಿ, ಉದ್ದ ಎಳಿ, ಒಂದರ ಕೆಳಗ ಒಂದು ತೂರಿಸಿ,
ಗಂಟು ಒಳಗ ಮುಚ್ಚಿ,
ಬೆರಳಾಡಿಸಿದರೂ ಹತ್ತಧಂಗ.
ಎಡಚರು ಅಂತ ಟಾಕಿಯ ವಾಲು ಹೇಳತಿತ್ತು.
ನಲವತ್ತು ವರ್ಷ ಸೂಜಿ ಹಿಡಿದಾಕಿ ನಾನು,
ಯಾವೂರೋ ತಿಳೀಲಿಲ್ಲ,
ಕೈ ತಿಳೀತು.

ಸ್ಯಾಮು ಆ ಅಕ್ಷರಕ್ಕ ಮೊಬೈಲು ಹಿಡದ,
ಒಂದೊಂದಽ ಓದಿ ಹೇಳಿದ.
ಜಪಾನಿನ ಟೀಮಂತ. ಮೂರನೇ ಡಿವಿಜನ್ನು.
ಮೊದಲ ಅದು ನೂಲಿನ ಗಿರಣಿ ಟೀಮು,
ಪಾಳಿ ಬಿಟ್ಟು ಅಂಗಳಕ್ಕ ಇಳದವರು,
ಕಿವಿಯಾಗಿನ ಅರಳಿ ತಗಿಯೂದು ಮರತು
ರೆಫ್ರಿ ಸೀಟಿ ಕೇಳದವರು.
ಒಂದಽ ಒಂದು ವರ್ಷ ಎರಡನೇ ಡಿವಿಜನ್ನಿಗೆ ಏರಿ
ಒಂದು ಗೋಲಿನ ಲೆಕ್ಕದಾಗ ಇಳದ್ರಂತ.
ಆಮ್ಯಾಲೆ ಗಿರಣಿ ನಿಂತತು.
ಟೀಮು ನಿಲ್ಲಲಿಲ್ಲ.
ಮೀನು ಮಾರಾವರು, ಕಟಿಂಗ್ ಮಾಡಾವರು, ಸಾಲಿ ಅಕ್ಕೋರು
ತಿಂಗಳಿಗಿಷ್ಟು ಅಂತ ಪಟ್ಟಿ ಹಾಕಿದ್ರಂತ.

ಪಟ್ಟಿ ಅಂದಕೂಡಲೇ
ನನ್ನ ಬೆರಳು ಎದಿಮ್ಯಾಗಿನ ಪಟ್ಟಿಗೆ ಹೋತು.
ಹೆಸರಿನ ಬಟ್ಟಿ ಬ್ಯಾರೆ, ಮ್ಯಾಲಿಂದ ಕೂಡಿಸಿದ್ದು.
ಬ್ಲೇಡ್ ತಗೊಂಡು ನಾಕು ಟಾಕಿ ಬಿಚ್ಚಿದೆ.
ಒಳಗ ಗಿರಣಿ ಹೆಸರು,
ಬಿಸಿಲು ಕಾಣದ್ದಕ್ಕ ಇನ್ನೂ ಹೊಸಾದು.

ನಮ್ಮ ಮಿಲ್ಲಿಗೂ ಟೀಮಿತ್ತಪಾ.
ನಮ್ಮಪ್ಪ ಲೆಫ್ಟ್ ಬ್ಯಾಕು,
ತಲಿಗೂದಲದಾಗ ಹತ್ತಿ ಎಳಿ ಇಟಗೊಂಡಽ ಊಟಕ್ಕ ಕೂಡತಿದ್ದ.
ಭೋಂಗಾ ನಿಂತ ದಿನ
ಹನ್ನೊಂದು ಜರ್ಸಿ ಒಗದು, ಮಡಚಿ, ಎಣಿಸಿ
ಟೈಮ್‌ಕೀಪರ್ ಕೈಯಾಗ ಕೊಟ್ಟು ಸಹಿ ತಗೊಂಡು ಬಂದ.
“ಮಿಲ್ಲಿನ ಮಾಲು” ಅಂದ.
ಒಂದು ಜರ್ಸೀಲೆ ಸೈಕಲ್ ಅಂಗಡ್ಯಾವ
ಚೈನು ಒರಸೂದು ಮುಂದ ನಾ ನೋಡೀನಿ,
ಮನ್ಯಾಗ ಹೇಳಲಿಲ್ಲ.
ಪಟ್ಟಿ ಯಾರೂ ಹಾಕಲಿಲ್ಲ.
ಹಂಗೂ ಮಾಡಬಹುದು ಅನ್ನೂದು
ಇಡೀ ಓಣಿಗೆ ಹೊಳೀಲೇ ಇಲ್ಲ.

ಪಟ್ಟಿ ತಿರುಗಿ ಕೂಡಿಸಿದೆ, ಮೂರಽ ಕಡೆ.
“ಮ್ಯಾಲಿಂದು ಬಿಟ್ರೆಲ್ಲಾ ಚಾಚಿ, ಜೇಬೇನು?”
“ಹೂಂ. ಸಿಟಿ ಬಸ್ಸಿನ ರೊಕ್ಕ ಇಟಗೋ.”
ಮೊಣಕೈಗೆ ಹಸರು ಎಳಿ ಹುಡುಕಿ
ಆ ಎಡಚರ ರಫೂದೊಳಗ
ಎರಡೆಳಿಯಷ್ಟು ಹೊಕ್ಕು ಸುರು ಮಾಡಿದೆ,
ಬಿಡ್ತು ಅಂದರ ಇಬ್ಬರದೂ ಬಿಡಲಿ ಅಂತ.

ರವಿವಾರ ಕತ್ತಲಾಗೂ ಮುಂದ ಬಂದ, ಮೈತುಂಬ ಕೆಂಪು ಮಣ್ಣು.
ಮೂರಕ್ಕೊಂದರಿಂದ ಸೋತಿದ್ರು.
ನೋಡಾಕ ಬಂದವರು ಹದಿನಾಕು ಮಂದಿ,
ಚುರುಮರಿಯವನ್ನ ಹಿಡಿದು.
ತೋಳು ಮುಂದ ಮಾಡಿದ. ಹರಿದಿತ್ತು.
ಅವರ ಹೊಲಿಗಿ ಅಲ್ಲ, ನನ್ನ ಹೊಲಿಗೀನೂ ಅಲ್ಲ,
ಅದರ ಆಚೀಕಿನ ಬಟ್ಟಿ.

ಬುಧವಾರ ಬಾ ಅಂದೆ.
ಹಸರು ದಾರ ಮುಗದೈತಿ.